ಬೆಚ್ಚಗಾಗುತ್ತೆ

"ಮೈ ಬೆಚ್ಚಗಾಗುತ್ತೆ, ಹೆದರಬ್ಯಾಡ್ರಿ" ಅಂದ
ಗಾಜಿನಾಚೆಯ ಹುಡುಗ.
ನಗು ಬಂತು. ದಾವಣಗೆರೆಯ ಭಟ್ಟಿಯಲ್ಲಿ
ಇಪ್ಪತ್ತೆರಡು ವರ್ಷ ಮಂಡಕ್ಕಿ ಹುರಿದವಳಿಗೆ
ಬೆಚ್ಚಗೆ!

ಔಷಧಿ ಹೊರಟಿತು ಮೊಣಕೈ ಮಡಿಕೆಯಿಂದ.
ಮೊದಲು ನಾಲಗೆ:
ಸೆರಗಿನ ಪಿನ್ನು ಹಲ್ಲಲ್ಲಿ ಕಚ್ಚಿದ ರುಚಿ.
ಆಮೇಲೆ ಎದೆ, ಹೊಟ್ಟೆ, ಅಲ್ಲಿಂದ ಕೆಳಗೆ
ಅಯ್ಯೋ, ಒದ್ದೆ ಮಾಡಿಕೊಂಡೆನೆ?
ಉಸಿರು ಹಿಡೀರಿ, ಅನ್ನುತ್ತಿದೆ ಯಂತ್ರ.
ನಾನು ಹಿಡಿದದ್ದು ಉಸಿರೊಂದನ್ನೇ ಅಲ್ಲ.

ಎದ್ದವಳೇ ಗೌನು ಮುಟ್ಟಿ ನೋಡಿದೆ. ಒಣಾ ಒಣ.
"ಎಲ್ಲರಿಗೂ ಹಂಗೇ ಅನ್ಸುತ್ತೆ, ಮೌಲಾಬಿ"
ಅಂದ, ಮುಖ ನೋಡದೆ.
ಮೊದಲೇ ಹೇಳಬಾರದಿತ್ತೇ?

ಹೊರಗೆ ಬೆಂಚಿನ ಮೇಲೆ ಅರ್ಧ ಗಂಟೆ.
ತುರಿಕೆ ಬಂದರೆ ಕರೀರಿ ಎಂದರು.
ಬರಲಿಲ್ಲ.
ಕಾದ ಮರಳಿಗೆ ಬಿದ್ದ ಅಕ್ಕಿ
ಅರಳುವ ಮುಂಚೆ ಒಂದು ಗಳಿಗೆ
ಹೀಗೇ ನಾಚಿರಬೇಕು.