ಮೂರನೇ ಸಾಲು

ಸಾಗರದ ಸೊರಬ ರಸ್ತೆಯಲ್ಲಿ ನನ್ನದೊಂದು ಅಂಗಡಿ:
ಜೆರಾಕ್ಸ್, ಲ್ಯಾಮಿನೇಶನ್, ಕಂಪ್ಯೂಟರ್ ರಿಪೇರಿ.
ಬೋರ್ಡಿನ 'ರಿ' ಒಂದು ಉದುರಿ ವರ್ಷವಾಯಿತು,
ಊರಿಗೆ ಈಗ ಇದು ಪೇರಿ ಅಂಗಡಿ.

ಮಂಗಳವಾರ ಇಮಾದ್ ಡಬ್ಬ ಹೊತ್ತು ತಂದ.
ಯಾವುದೋ ಕಚೇರಿ ಹರಾಜು ಹಾಕಿದ ಡಬ್ಬ, ಅದರೊಳಗೆ
ಶಿವಮೊಗ್ಗದಲ್ಲಿ ಯಾರೋ ಬಳಸಿ ಬಿಟ್ಟ ಗ್ರಾಫಿಕ್ಸ್ ಕಾರ್ಡು,
ಫ್ಯಾನಿಗೆ ಒಂದು ಎಸಳು ಕಡಿಮೆ.
ವಿಂಡೋಸಿಗೆ ದುಡ್ಡಿಲ್ಲವೆಂದಾಗ ಲಿನಕ್ಸ್ ಹಾಕಿಕೊಟ್ಟವ ನಾನೇ,
ಹಾಗಾಗಿ ದೂರೂ ನನಗೇ.

"ಅಣ್ಣಾ, ಗೇಮಲ್ಲಿ ನೀರೇ ಇಲ್ಲ."

ನಿಜ. ಬೆಟ್ಟವಿದೆ, ಬೆಟ್ಟಕ್ಕೆ ನೆರಳಿದೆ,
ದೋಣಿ ಬರೀ ಗಾಳಿಯ ಮೇಲೆ ತೂಗುತ್ತಿದೆ,
ಹುಟ್ಟು ಹಾಕಿದರೆ ಚಳಕ್ ಚಳಕ್ ಸದ್ದೂ ಇದೆ.
ಸರೋವರದ ತಳ ಬತ್ತಲೆ.
ಕಲ್ಲು, ಗೂಟ,
ಯಾರು ನೋಡುತ್ತಾರೆಂದು ಅರೆಬರೆ ಬಿಡಿಸಿಟ್ಟ
ಏಳೆಂಟು ಮೆಟ್ಟಿಲು.

ಶೇಡರ್ ಕ್ಯಾಶ್ ಅಳಿಸಿದೆ. ಮನೆಮದ್ದು, ಮೊದಲು ಅದೇ.
ಹೋಗಲಿಲ್ಲ.
ವಲ್ಕನ್ ಬಿಡಿಸಿ ಓಪನ್‌ಜಿಎಲ್ ಹಿಡಿಸಿದೆ.
ನೀರು ಬಂತು, ಆಕಾಶ ನೇರಳೆಹಣ್ಣಾಯಿತು,
ಕುದುರೆಗೆ ಮುಖ ಹೋಗಿ ಹಲ್ಲಷ್ಟೇ ಓಡಿತು.
ಇಮಾದ್ ನಕ್ಕು ನಕ್ಕು ಸ್ಟೂಲಿನಿಂದ ಬಿದ್ದ.
ಲಾಗ್ ತೆರೆದೆ: ಸಾವಿರ ಸಾಲು,
ಒಂದೂ ತಪ್ಪೊಪ್ಪಿಕೊಳ್ಳುವುದಿಲ್ಲ.

ಯಾವಾಗಿನಿಂದ? ಅಪ್‌ಡೇಟ್ ಆದಮೇಲಿಂದ.
ಯಾವ ಅಪ್‌ಡೇಟ್? ದಿನಾ ಮಾಡ್ತೀನಲ್ಲಣ್ಣ.

ಆಗ ಉಳಿಯುವುದು ಒಂದೇ ದಾರಿ.
ನೀರಿದ್ದ ದಿನ ಈ ಕಡೆ, ನೀರಿಲ್ಲದ ದಿನ ಆ ಕಡೆ,
ನಡುವೆ ಹಗ್ಗ ಎಳೆದು ಮಧ್ಯಕ್ಕೊಂದು ಗೂಟ ಹೊಡೆ.
ಅಲ್ಲಿ ನೀರಿದೆಯೇ? ಇಲ್ಲ.
ಹಾಗಾದರೆ ತಪ್ಪು ಇದಕ್ಕೂ ಹಿಂದಿನದು.
ಮತ್ತೆ ಅರ್ಧ. ಅರ್ಧದ ಅರ್ಧ.
ಒಂದೊಂದು ಸಲಕ್ಕೂ ಕಂಪೈಲು, ಒಂದೊಂದು ಕಂಪೈಲಿಗೂ ಒಂದು ಚಹ.

ಮೂರನೇ ಚಹದ ಹೊತ್ತಿಗೆ ಹೂವಪ್ಪ ಬಂದರು.
ಹಕ್ಕುಪತ್ರದ ಅರ್ಜಿ, ಎಷ್ಟನೆಯ ಸಲವೋ, ಮೂರು ಪ್ರತಿ.
ಯಂತ್ರ ಬಿಸಿಯಾಗುವವರೆಗೆ ಪರದೆ ನೋಡುತ್ತ ನಿಂತರು,
ಕನ್ನಡಕ ಒರೆಸಿಕೊಂಡು ಇನ್ನಷ್ಟು ಹತ್ತಿರ ಬಂದರು.

"ಇದು ಯಾವ ವರ್ಷದ ಮೇ ತಿಂಗಳು?"

ನನಗೆ ತಿಳಿಯಲಿಲ್ಲ. ಇಮಾದನಿಗೂ.
"ಹಿನ್ನೀರು ಇಳಿದ್ರೆ ಹಿಂಗೇ ಕಾಣೋದು ನಮ್ಮೂರು.
ಎಡಕ್ಕೆ ತಿರುಗ್ಸು ಮಗಾ. ಇಳಿ. ಇನ್ನೂ ಇಳಿ.
ಅಲ್ಲಿ ಗಾಣದ ಕಲ್ಲಿರಬೇಕು."
ಇರಲಿಲ್ಲ. ಇದ್ದದ್ದು ಯಾವ ದೇಶದ್ದೋ ಕಲ್ಲು.
"ಇರ್ಲಿ, ಮುಂದೆ ನಡಿ."

ಎಂಟು ವರ್ಷದವರು ಲಾರಿಯ ಪಾತ್ರೆಗಳ ಮೇಲೆ ಕೂತು ಬಂದದ್ದಂತೆ.
ಅದನ್ನು ನನಗೆ ಹೇಳಲಿಲ್ಲ, ಪರದೆಗೆ ಹೇಳಿದರು.
ಹುಡುಗ ಬಾಣ, ಬತ್ತಳಿಕೆ, ಶತ್ರು ಎಲ್ಲ ಮರೆತು
ಅವರು ಹೇಳಿದಲ್ಲೆಲ್ಲ ನಡೆದ.
ನಾನು ಅರ್ಧದ ಅರ್ಧದ ಅರ್ಧ ಮಾಡುತ್ತ ಕೂತೆ,
ಪ್ರತಿ ಸಲ ಪರೀಕ್ಷೆಗೆಂದು ಆಟ ನಿಲ್ಲಿಸಿದಾಗ
ಇಬ್ಬರೂ ನನ್ನನ್ನೇ ನೋಡಿದರು, ಕರೆಂಟು ತೆಗೆದವನನ್ನು ನೋಡಿದ ಹಾಗೆ.

ಏಳೂವರೆಗೆ ಸಿಕ್ಕಿತು. ಒಂದೇ ಬದಲಾವಣೆ, ನಾಲ್ಕು ಗೆರೆ.
ವೇಗ ಹೆಚ್ಚಲೆಂದು ಯಾರೋ ಹಾಕಿದ್ದು, ಕೆಟ್ಟ ಮನಸ್ಸಿನಿಂದಲ್ಲ.
ಯಾವುದರ ಆಚೆಗೆ ಬೇರೆಯದು ಕಾಣುತ್ತದೋ
ಅದನ್ನು ಇಲ್ಲವೆಂದೇ ಎಣಿಸಿ ಬಿಟ್ಟು ಮುಂದೆ ಹೋಗಿತ್ತು ಡ್ರೈವರ್.

ಒಂದು ಹೆಜ್ಜೆ ಹಿಂದಿನದನ್ನು ಕೂರಿಸಿ ಎಂಟರ್ ಒತ್ತಿದೆ.
ನೀರು ಏರಲಿಲ್ಲ, ತುಂಬಲಿಲ್ಲ.
ಸುಮ್ಮನೆ ಇತ್ತು, ಯಾವತ್ತೂ ಇದ್ದ ಹಾಗೆ,
ಬೆಟ್ಟದ ನೆರಳನ್ನು ತಲೆಕೆಳಗು ಹಿಡಿದುಕೊಂಡು.

"ಬಂತು," ಎಂದೆ.
"ಬಂತು," ಎಂದರು ಹೂವಪ್ಪ, ಕಾಗದ ಮಡಚುತ್ತ.
"ನಮ್ದು ಹಿಂಗೆ ಬರ್ಲಿಲ್ಲ. ದಿನಕ್ಕೊಂದು ಮೆಟ್ಟಿಲು."
ಹತ್ತು ರೂಪಾಯಿ ಇಟ್ಟರು, ಚಿಲ್ಲರೆ ಬೇಡವೆಂದರು,
ಎಂದೂ ಹಾಗೆನ್ನುವವರಲ್ಲ.

ಕೆಟ್ಟ ಆವೃತ್ತಿಯನ್ನು ಅಳಿಸಿ ಕೊಡುವುದು ನನ್ನ ಪದ್ಧತಿ.
ಇಮಾದ್ ನನ್ನ ಕೈ ಹಿಡಿದ.
ಅದರದೊಂದು ಸ್ನ್ಯಾಪ್‌ಶಾಟ್ ಉಳಿಸಿದೆ,
ಬೂಟ್ ಮೆನುವಿನಲ್ಲಿ ಮೂರನೇ ಸಾಲು.
ಏನು ಹೆಸರು ಎಂದು ಯಂತ್ರ ಕೇಳಿತು.
ಮೇ ಎಂದು ಬರೆದೆ.