ಮೂರು ಚೌಕ

ಪುಂಟಾ ಅರೇನಾಸಿನ ಗಾಳಿಗೆ ಜನ ಬೀಳದಿರಲೆಂದು
ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿರುತ್ತಾರೆ.
ಅದನ್ನೇ ಹಿಡಿದು ಬಂದೆವು, ನಾನು, ನಾಲ್ಕು ವರ್ಷದ ಮಿರ್ಕೊ.

ಏಳು ತಿಂಗಳು ಕಾದು ಸಿಕ್ಕ ಸರದಿ.
ಹಣೆ ಗೋಡೆಗೆ ಚಚ್ಚಿಕೊಳ್ಳುತ್ತಾನೆಯೇ?
ಇಲ್ಲ. ಕೆಲವೊಮ್ಮೆ. ಯಾವಾಗಲೂ.
ಕಚ್ಚುತ್ತಾನೆಯೇ?
ಸ್ವೆಟರಿನ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡು
ಕೆಲವೊಮ್ಮೆಗೆ ಗುರುತು ಹಾಕಿದೆ.

ಅತ್ತೆ ಅನ್ನುವುದು: ಇವನಪ್ಪನೂ ಹೀಗೇ ಇದ್ದ,
ಬೆಳೀತಾ ಬೆಳೀತಾ ಸರಿಹೋದ.
ಸರಿಹೋದನೇ?
ಅದಕ್ಕೆ ಚೌಕವಿಲ್ಲ.

ಮಿರ್ಕೊ ಅಲ್ಲಿದ್ದವರ ಬೂಟುಗಳನ್ನೆಲ್ಲ
ಮೂತಿ ಬಾಗಿಲ ಕಡೆಗಿರುವಂತೆ ಸಾಲಾಗಿ ಜೋಡಿಸಿದ್ದ,
ನಮ್ಮವು ಎಲ್ಲಕ್ಕಿಂತ ಮುಂದೆ.

ಹೆಸರು ಕೂಗಿದರು.
ಪೆನ್ನು ಮತ್ತೆ ತೆಗೆದೆ. ಹಳೆಯ ಗುರುತು ಗೀಚಿಹಾಕಿದೆ.
ಯಾವಾಗಲೂ.

ಒಳಗೆ ಗಾಳಿಯಿರಲಿಲ್ಲ.
ಆದರೂ ನನ್ನ ಶಾಲಿನ ತುದಿ ಅವನ ಮುಷ್ಟಿಯಲ್ಲಿ.