ಆಮೇಲೆ ಕೇಳು

ಗುರುವಾರ ಮಧ್ಯಾಹ್ನ ನಮಗೆ ರಜೆ.
ಬಾರಿ ಎಂಬ ಇಟಲಿಯ ಊರು, ಸ್ಟೇಷನ್ನಿನೆದುರು ಕಾರಂಜಿ ಕಟ್ಟೆ,
ಜಾರ್ಜಿಯಾದ ಹೆಂಗಸರು ನಾವು, ಹನ್ನೊಂದು ಮಂದಿ,
ಸೂರ್ಯಕಾಂತಿ ಬೀಜ ಕಡಿಯುತ್ತ
ಕಂಡವರ ಮನೆ ಮುದುಕಿಯರ ಬೆನ್ನುಹುಣ್ಣಿನ ಸುದ್ದಿ ಮುಗಿಸಿ
ಫೋನಿನೊಳಗಿನ ಮೇಷ್ಟ್ರ ವಿಚಾರಕ್ಕೆ ಬರುತ್ತೇವೆ.

ಮೇಷ್ಟ್ರು ಅಂದರೆ ಒಂದು ಬಸವನಹುಳು.
ಸರಿ ಹೇಳಿದರೆ ಕೊಂಬು ಚಾಚುತ್ತದೆ,
ತಪ್ಪಿದರೆ ಚಿಪ್ಪಿನೊಳಗೆ.
ಒಂದು ದಿನ ಪಾಠ ಬಿಟ್ಟರೋ
ರಾತ್ರಿ ಹತ್ತಕ್ಕೆ ಸಂದೇಶ: “ಮರೆತೆಯಾ ನನ್ನ?”
ನನ್ನ ಗಂಡ ಕೂಡ ಹೀಗೆ ಕೇಳಿದವನಲ್ಲ.

ಐದು ನಕ್ಷತ್ರ ಕೊಟ್ಟೆ, ಅಂದಳು ಜುಜುನಾ.
ಬಸ್ಸಿನಲ್ಲಿ ಪಕ್ಕದವನಿಗೆ “ಸ್ವಲ್ಪ ಜರುಗಿ” ಅಂದಳಂತೆ,
ಜರುಗಿದನಂತೆ.
ಅಷ್ಟಕ್ಕೇ ಐದಾ? ಇದು ತ್ಸಿಯಾಲಾ.
ಅವಳದು ಒಂದೇ ನಕ್ಷತ್ರ,
ಅದೂ ಸೊನ್ನೆ ಕೊಡಲು ಬಿಡಲಿಲ್ಲವೆಂದು.
ನೂರಿಪ್ಪತ್ತು ದಿನ ಕಲಿತೆ ಕಣ್ರೇ,
ಹುಡುಗ ಸೇಬು ತಿನ್ನುತ್ತಾನೆ,
ಚಿಕ್ಕಪ್ಪನ ಆನೆ ಹಾಲು ಕುಡಿಯುತ್ತದೆ.
ಮಗ್ಗುಲಾಗಿ ಅಮ್ಮ, ಅನ್ನುವುದು ಎಷ್ಟನೇ ಪಾಠದಲ್ಲಿದೆ?
ಎರಡು ತಿಂಗಳ ಸಂಬಳ ಬಾಕಿ, ಅನ್ನುವುದು?
ಅದಕ್ಕೆ ದುಡ್ಡು ಕಟ್ಟಬೇಕು, ಅಂದರು ಯಾರೋ.
ಕಾರಂಜಿಗಿಂತ ಜೋರಾಗಿ ನಕ್ಕೆವು.

ನಾಯಿರಾಳ ತಕರಾರು ಬೇರೆ.
ನಮ್ಮ ಮಾತಿನಲ್ಲಿ ಅವನು, ಅವಳು, ಅದು,
ಮೂರಕ್ಕೂ ಒಂದೇ ಪದ, ಒಂದೇ ಕಂಬಳಿ.
ಇಲ್ಲಿ ಚಮಚ ಗಂಡಸಂತೆ, ಮುಳ್ಳುಚಮಚ ಹೆಂಗಸಂತೆ.
ನೋವು ಗಂಡು. ಸಾವು ಹೆಣ್ಣು.
“ಮೂವತ್ತು ವರ್ಷ ರೈಲ್ವೆಯಲ್ಲಿ ಲೆಕ್ಕ ಬರೆದವಳು ನಾನು,
ಈಗ ಮೇಜಿನ ಲಂಗ ಎತ್ತಿ ನೋಡಬೇಕಾ?”

ಲಮಾರಾ, ನಿನ್ನದೆಷ್ಟು, ಎಂದು ನನ್ನತ್ತ ತಿರುಗಿದರು.
ನಾನು ಹೇಳಲಿಲ್ಲ.

ಹೋದ ತಿಂಗಳು ಒಂದು ರಾತ್ರಿ ಹೀಗಾಯಿತು.
ನಾನು ನೋಡಿಕೊಳ್ಳುವ ಸಿನ್ಯೋರಾ ಇಂಕೊರೊನಾತಾ
ಈಸ್ಟರ್ ಕಳೆದಾಗಿನಿಂದ ತುಟಿ ಬಿಚ್ಚಿರಲಿಲ್ಲ.
ಕೆಳಗೆ ಮಗನ ಬೇಕರಿ, ಮೆಟ್ಟಿಲ ತುಂಬ ಮೊಮ್ಮಕ್ಕಳು,
ಎಲ್ಲರೂ ಅವಳ ಕಿವಿಗೆ ಬಾಯಿಟ್ಟು ಕೂಗಿ ಸೋತಿದ್ದರು.
ದೀಪ ಆರಿಸಿ ನಾಲ್ಕನೇ ಪಾಠ ತೆರೆದೆ.
“ನಿನ್ನ ತಮ್ಮ ಎಲ್ಲಿದ್ದಾನೆ?” ಕೇಳಿತು ಬಸವನಹುಳು.
ನಾನು ಉಸಿರೆಳೆಯುವ ಮೊದಲೇ
ಕತ್ತಲಿನಿಂದ ಸಿನ್ಯೋರಾ:
“ಮೋಲಾಕ್ಕೆ ಹೋಗಿದ್ದಾನೆ, ಆಕ್ಟೋಪಸ್ ಮಾರೋಕೆ.
ಕಾಯಬೇಡಿ ಅವನಿಗೆ, ಉಣ್ಣಿ.”

ಹಳೇ ಬಂದರಿನ ಮಾತು ಅದು,
ಅರ್ಧ ಸ್ವರ ನುಂಗಿದ್ದು, ಉಪ್ಪು ಹಿಡಿದದ್ದು.
ಹುಳುವಿಗೆ ತಿಳಿಯಲಿಲ್ಲ.
“ತಪ್ಪು. ಮತ್ತೊಮ್ಮೆ ಪ್ರಯತ್ನಿಸಿ.”
ಅವಳು ಮತ್ತೊಮ್ಮೆ ಹೇಳಿದಳು, ತಾಳ್ಮೆಯಿಂದ,
ಕಿವುಡರಿಗೆ ಹೇಳುವ ಹಾಗೆ.
ತಪ್ಪು.
ಮೂರನೇ ಸಲಕ್ಕೆ ನನ್ನ ಪಾಲಿನ ಕೆಂಪು ಹೃದಯಗಳೆಲ್ಲ ಖಾಲಿ.

ಬೆಳಗಿನ ಜಾವ ಹಿಟ್ಟು ನಾದಿ ಮೇಲೆ ಬಂದ
ಮಗ ವೀತಾಂತೋನಿಯೋ, ಮೊಳಕೈವರೆಗೆ ಬಿಳಿ.
ನನಗೆ ಬಂದಷ್ಟು ಇಟಾಲಿಯನ್ನಿನಲ್ಲಿ ಹೇಳಿದೆ:
ತಮ್ಮ. ಮೋಲಾ. ಆಕ್ಟೋಪಸ್.
ಅಮ್ಮನಿಗೆ ತಮ್ಮ ಇಲ್ಲ, ಅಂದ ಅವನು.
ಅಣ್ಣನೂ ಇಲ್ಲ. ಒಬ್ಬಳೇ ಮಗಳು.

ಇರಲಿ.
ನಾನೂ ಅದೇ ಪಾಠದಲ್ಲಿ ಹೇಳಿದ್ದೇನೆ,
ನನಗೆ ಇಬ್ಬರು ತಮ್ಮಂದಿರು, ರೋಮಿನಲ್ಲಿ ಮನೆ,
ಭಾನುವಾರ ನನ್ನ ಗಂಡ ಪಿಯಾನೋ ನುಡಿಸುತ್ತಾನೆ.
ಅಷ್ಟಕ್ಕೂ ಕೊಂಬು ಚಾಚಿತ್ತು ಹುಳು,
ಬಣ್ಣದ ಕಾಗದ ಎರಚಿತ್ತು.

ಹದಿನಾರನೇ ಪಾಠದಲ್ಲಿ ಇರಬೇಕಾದವಳು
ದಿನಾ ರಾತ್ರಿ ನಾಲ್ಕಕ್ಕೇ ಮರಳುತ್ತೇನೆ.
“ಇದು ನಿಮಗೆ ಬರುತ್ತದೆ, ಮುಂದೆ ಹೋಗಿ.”
ದನಿ ಜೋರು ಮಾಡಿ ದಿಂಬಿನ ಬಳಿ ಇಡುತ್ತೇನೆ.
ನಿನ್ನೆ ಅವನು ಮೋಲಾದಿಂದ ಬಂದಿದ್ದ.
ಮಾರಾಟವಾಗಲಿಲ್ಲವಂತೆ,
ಎಲ್ಲ ನಮಗೇ ಸಾರು.

ಹೊತ್ತು ಕಂತಿತು. ಕಟ್ಟೆಯ ಸಿಪ್ಪೆ ಬಳಿದು ಎದ್ದೆವು.
ಬಸ್ಸಿನಲ್ಲಿ ಫೋನು ಗುಂಯ್ ಅಂದಿತು:
ನಮ್ಮ ಬಗ್ಗೆ ನಿಮ್ಮ ಅಭಿಪ್ರಾಯ? ಎಷ್ಟು ನಕ್ಷತ್ರ?
ಪಕ್ಕದವನಿಗೆ ಸ್ವಲ್ಪ ಜರುಗು ಅಂದೆ,
ಬಂದರಿನ ಮಾತಿನಲ್ಲಿ, ಸ್ವರ ನುಂಗಿ.
ತಿರುಗಿ ನೋಡಿದ. ಜರುಗಿದ.
ಕೂತು, ಕೆಳಗಿನ ಸಣ್ಣ ಅಕ್ಷರ ಒತ್ತಿದೆ:
ಆಮೇಲೆ ಕೇಳು.